ಬೈಯಲು ಒಂದು ತಂಡ

ಐಪಿಎಲ್ ಬಂತೆಂದರೆ ನಮ್ಮ ಸತ್ಯನಾರಾಯಣಪೇಟೆಯ ಓಣಿಯಲ್ಲಿ ರಾತ್ರಿ ಹನ್ನೊಂದರ ಮೇಲೆ ಮೂರನೇ ಇನಿಂಗ್ಸ್ ಶುರುವಾಗುತ್ತದೆ. ಇದಕ್ಕೆ ಓವರುಗಳ ಲೆಕ್ಕವಿಲ್ಲ, ಅಂಪೈರೂ ಇಲ್ಲ. ಬಳ್ಳಾರಿಯ ಏಪ್ರಿಲ್ ಸೆಕೆಗೆ ಒಳಗೆ ಮಲಗಲಾರದ ಗಂಡಸರು ಒಬ್ಬೊಬ್ಬರಾಗಿ ಹೊರಗೆ ಬಂದು ಕಟ್ಟೆ ಹಿಡಿಯುತ್ತಾರೆ. ಹಗಲೆಲ್ಲ ಕಾದ ಕಲ್ಲು ಆ ಹೊತ್ತಿನಲ್ಲೂ ಕೂತವರನ್ನು ಸುಡುತ್ತಿರುತ್ತದೆ. ಯಾರಾದರೂ ಒಂದು ಕೊಡ ನೀರು ಸುರಿದು ಬರುತ್ತಾರೆ, ಕಟ್ಟೆ ಬುಸ್ಸೆಂದು ಆವಿ ಬಿಡುತ್ತದೆ, ಅಷ್ಟರಲ್ಲಿ ಎದುರುಮನೆ ಮಾಮ ಆರಂಭಿಸಿಬಿಟ್ಟಿರುತ್ತಾರೆ: "ಇವು ಆಡೋ ಮುಖಗಳೇನ್ರೀ? ಕೋಟಿಗಟ್ಲೆ ಕೊಟ್ಟು ತಂದಾರ, ಒಂದು ಯಾರ್ಕರ್ ಹಾಕಾಕ ಬರಂಗಿಲ್ಲ!"

ಆರ್‌ಸಿಬಿಯನ್ನು ಅವರು ಬೈಯುವ ರೀತಿ ಕೇಳಿದರೆ ಆ ತಂಡ ಅವರ ಹೊಲ ಒತ್ತುವರಿ ಮಾಡಿದೆ ಅನ್ನಬೇಕು. ಕ್ಯಾಪ್ಟನ್‌ಗೆ ಬುದ್ಧಿ ಇಲ್ಲ, ಕೋಚ್‌ಗೆ ಕಣ್ಣಿಲ್ಲ, ಹರಾಜಿನಲ್ಲಿ ಕೂತವರಿಗೆ ಎರಡೂ ಇಲ್ಲ. ಕೆಲವು ವರ್ಷಗಳ ಹಿಂದೊಮ್ಮೆ ರಾಯದುರ್ಗದಿಂದ ನನ್ನ ಭಾವಮೈದ ಬಂದಿದ್ದ. ಹೈದರಾಬಾದ್ ತಂಡದವನು, ಅಂದರೆ ಆ ತಂಡದ ಕಡೆಯವನು. ಮಾಮನ ಮಾತನ್ನೆಲ್ಲ ಶ್ರದ್ಧೆಯಿಂದ ಕೇಳಿ, ಹೌದೌದು ಅಂತ ಗೋಣು ಹಾಕಿ, ಕೊನೆಗೆ ತನ್ನದೂ ಒಂದು ಇರಲಿ ಎಂದು, "ನಿಜ ಮಾಮ, ಬೌಲಿಂಗೇ ಇಲ್ಲ ನೋಡ್ರಿ ಆರ್‌ಸಿಬಿಗೆ" ಅಂದ. ಕಟ್ಟೆ ಗಪ್ಪಾಯಿತು. ಮಾಮ ಅವನ ಕಡೆ ತಿರುಗಿ, "ಅದನ್ನ ಹೇಳಾಕ ನೀನ್ಯಾರಪಾ ಅಳಿಯ?" ಅಂದರು.

ಅವತ್ತಿನಿಂದ ಇದು ನನ್ನನ್ನು ಕಾಡುತ್ತಿದೆ. ಆ ಹುಡುಗ ಹೇಳಿದ್ದರಲ್ಲಿ ಒಂದಕ್ಷರ ಹೊಸದಿರಲಿಲ್ಲ. ಮಾಮನ ಮಾತನ್ನೇ ಮಾಮನಿಗೆ ವಾಪಸು ಕೊಟ್ಟಿದ್ದ, ಅದೂ ಬಹಳ ತಗ್ಗಿಸಿ.

ಬೈಯಲು ಸಾಮಾನು ಏನು ಕಡಿಮೆ ಇದೆಯೆ ಈ ತಂಡದಲ್ಲಿ? 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಮೆಕಲಮ್ ಒಬ್ಬನೇ 158 ಹೊಡೆದ, ನಮ್ಮವರೆಲ್ಲ ಸೇರಿ 82. ಮುಹೂರ್ತವೇ ಹಾಗಾಯಿತು. 2013ರ ಏಪ್ರಿಲ್ 23ರಂದು ಗೇಲ್ ಔಟಾಗದೆ 175 ಹೊಡೆದು ತಂಡ 263 ಮುಟ್ಟಿತು. ನಾಲ್ಕು ವರ್ಷ ಬಿಟ್ಟು ಅದೇ ಏಪ್ರಿಲ್ 23ಕ್ಕೆ ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್. ಈ ತಾರೀಖನ್ನು ಮಾಮ ತಮ್ಮ ಮದುವೆಯ ತಾರೀಖಿಗಿಂತ ಚೆನ್ನಾಗಿ ನೆನಪಿಟ್ಟಿದ್ದಾರೆ. 2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತು, ಎಲ್ಲರೂ ಬೈದು ಮುಗಿಸಿ ಟಿವಿ ಆರಿಸಿದ ಮೇಲೆ, ಸಾಲಾಗಿ ಆರು ಗೆದ್ದು ಪ್ಲೇಆಫ್‌ಗೆ ಹೋದರು. ಬೈದ ಬೈಗುಳವನ್ನೂ ದಕ್ಕಿಸಿಕೊಳ್ಳಲು ಬಿಡದ ತಂಡ ಇದು. ಆ ವರ್ಷ ಮಾರ್ಚ್‌ನಲ್ಲಿ ಹೆಣ್ಣುಮಕ್ಕಳ ತಂಡ ದೆಹಲಿಯಲ್ಲಿ ದೆಹಲಿಯನ್ನೇ ಸೋಲಿಸಿ ಕಪ್ ಎತ್ತಿದಾಗ, ಮಾಮಿ ಬಾಗಿಲಲ್ಲಿ ನಿಂತು ಕಟ್ಟೆಗೆ ಕೇಳುವಂತೆ ಅಂದರು: "ಗಂಡಸರು ಹದಿನಾರು ಸಲ ಆಡ್ಯಾರ. ನಮ್ಮ ಹುಡುಗೇರು ಎರಡನೇ ಸಲಕ್ಕ ತಂದ್ರು." ಅವತ್ತು ಮೂರನೇ ಇನಿಂಗ್ಸ್ ಬೇಗ ಮುಗಿಯಿತು.

ಭಾವಮೈದನ ಮೇಲಿನ ಸಿಟ್ಟಿಗೆ ಇನ್ನೊಂದು ಕಾರಣವೂ ಇದ್ದೀತು. ಆರ್‌ಸಿಬಿ 2009ರ ಫೈನಲ್ ಸೋತದ್ದು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್‌ಗೆ, ಆರು ರನ್ನಿನಿಂದ. ಕುಂಬ್ಳೆ ನಾಲ್ಕು ವಿಕೆಟ್ ಕಿತ್ತಿದ್ದರೂ ಪಂದ್ಯ ಉಳಿಯಲಿಲ್ಲ. 2016ರ ಫೈನಲ್ ಸೋತದ್ದೂ ಹೈದರಾಬಾದಿಗೇ, ಸನ್‌ರೈಸರ್ಸ್‌ಗೆ, ಬೆಂಗಳೂರಿನಲ್ಲೇ, ಎಂಟು ರನ್ನಿನಿಂದ. 209ರ ಗುರಿಗೆ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ 114 ಸೇರಿಸಿ ಕೊಟ್ಟಿದ್ದರು! ಬೆಂಗಳೂರಿನವರಿಗೆ ಅದು ಬರೀ ಸೋಲು. ಬಳ್ಳಾರಿಯಲ್ಲಿ ಅದು ಅಡುಗೆಮನೆಯ ತನಕ ಹೋಗುವ ವಿಷಯ. ಇಲ್ಲಿ ಅರ್ಧ ಮನೆಗಳಲ್ಲಿ ಹಜಾರದಲ್ಲಿ ಕನ್ನಡ, ಹಿತ್ತಲಲ್ಲಿ ತೆಲುಗು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಕೊಟ್ಟು, ಗಡಿ ವಿಚಾರಿಸಿದ ಮಿಶ್ರಾ ಅವರ ವರದಿಯಂತೆ ಬಳ್ಳಾರಿ ತಾಲ್ಲೂಕನ್ನು ಮೈಸೂರಿಗೆ ಸೇರಿಸಿ, ಗಡಿ ತಂಟೆ ತೀರಿತು ಅಂದುಕೊಂಡಿದ್ದರು ದೊಡ್ಡವರು. ಐಪಿಎಲ್ ಬರುತ್ತದೆ ಅಂತ ಮಿಶ್ರಾ ಅವರಿಗೆ ಹೇಗೆ ತಿಳಿಯಬೇಕು? 2016ರ ಆ ರಾತ್ರಿ ನಮ್ಮ ಮನೆಯಲ್ಲಿ ನಾನು ಒಂದು ಸೋಫಾ, ಹೆಂಡತಿ ಒಂದು ಸೋಫಾ. ಅವಳ ತವರು ಗೆದ್ದಿತು. ಮರುದಿನದ ಉಪ್ಪಿಟ್ಟಿಗೆ ಉಪ್ಪು ಸರಿಯಾಗಿಯೇ ಇತ್ತು, ತಿನ್ನಲು ಮನಸ್ಸಿರಲಿಲ್ಲ ಅಷ್ಟೆ.

ತಂಡವನ್ನು ಬೈದು ಸಾಕಾದಾಗ ಕಟ್ಟೆ ಜನರನ್ನು ಬೈಯಲು ತೊಡಗುತ್ತದೆ. ಜನ ಅಂದರೆ ಸ್ಟೇಡಿಯಂನಲ್ಲಿ ಕೂತವರು. ಟಿಕೆಟ್ ಸಿಕ್ಕವರ ಮೇಲೆ ಸಿಗದವರ ಹೊಟ್ಟೆಕಿಚ್ಚು ಇದರಲ್ಲಿ ಇಲ್ಲವೆನ್ನಲಾರೆ. ಆಟ ನೋಡಲು ಬಂದಾರೋ ಕ್ಯಾಮೆರಾಕ್ಕೆ ಕೈ ಬೀಸಲು ಬಂದಾರೋ, ಎದುರಾಳಿ ಸಿಕ್ಸ್ ಹೊಡೆದರೂ ಕುಣೀತಾರಲ್ಲ, ಒಂಬತ್ತು ವಿಕೆಟ್ ಹೋದ ತಕ್ಷಣ ಎದ್ದು ಮೆಟ್ರೋ ಕಡೆ ಓಡ್ತಾರಲ್ಲ, ಇವರೇನು ಅಭಿಮಾನಿಗಳೇ? ಆಮೇಲೆ ಹಳೆಯ ಕಾಲ ಬರುತ್ತದೆ. 1996ರ ಮಾರ್ಚ್ 9, ವಿಶ್ವಕಪ್ ಕ್ವಾರ್ಟರ್ ಫೈನಲ್. ಫೋರ್ ಹೊಡೆದು ಬ್ಯಾಟು ತೋರಿಸಿದ ಪಾಕಿಸ್ತಾನದ ಆಮೀರ್ ಸೊಹೈಲ್‌ನ ಸ್ಟಂಪನ್ನು ಮುಂದಿನ ಎಸೆತಕ್ಕೇ ನಮ್ಮ ವೆಂಕಟೇಶ್ ಪ್ರಸಾದ್ ಹಾರಿಸಿದಾಗ ಚಿನ್ನಸ್ವಾಮಿ ಕೂಗಿದ ಕೂಗು ಬಳ್ಳಾರಿ ಗುಡ್ಡಕ್ಕೂ ಕೇಳಿತು ಎಂಬುದು ಮಾಮನ ವಾದ. ನಾಲ್ಕು ದಿನದ ಮೇಲೆ ಈಡನ್ ಗಾರ್ಡನ್ಸ್‌ನಲ್ಲಿ, ಸೆಮಿಫೈನಲ್ ಕೈಬಿಡುತ್ತಿದೆ ಎಂದು ಕಂಡಾಗ, ಜನ ಬಾಟಲಿ ಎಸೆದು ಸ್ಟ್ಯಾಂಡಿನಲ್ಲಿ ಬೆಂಕಿ ಹಚ್ಚಿದರು, ಪಂದ್ಯವನ್ನು ಶ್ರೀಲಂಕಾಗೆ ಬಿಟ್ಟುಕೊಡಬೇಕಾಯಿತು. "ನಮ್ಮ ಜನ ಹಂಗಲ್ಲ" ಅಂತ ಮಾಮ ಮೀಸೆ ತಿರುವುತ್ತಾರೆ. ಹಾಗಾದರೆ 1999ರ ಜನವರಿಯಲ್ಲಿ ಚೆಪಾಕ್‌ನಲ್ಲಿ ಹನ್ನೆರಡು ರನ್ನಿನಿಂದ ಗೆದ್ದ ಪಾಕಿಸ್ತಾನದವರಿಗೆ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತಲ್ಲ, ಅಂಥದ್ದು? ಅದನ್ನು ಕಟ್ಟೆ ಬೇಗ ದಾಟಿಸುತ್ತದೆ. ಚೆನ್ನೈಯನ್ನು ಹೊಗಳಬೇಕಾಗುತ್ತದೆ, ಅದು ಈಗಿನ ಪರಿಸ್ಥಿತಿಯಲ್ಲಿ ಆಗದ ಮಾತು.

"ನಮ್ಮ ಜನ ಹಂಗಲ್ಲ" ಎಂಬ ಮಾತನ್ನು ಕಟ್ಟೆ 2025ರ ಜೂನ್ ನಂತರ ಹೇಳುತ್ತಿಲ್ಲ. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬ್ ಎದುರಿನ ಫೈನಲ್ ಆರು ರನ್ನಿನಿಂದ ಗೆದ್ದಾಗ, ಕೊನೆಯ ಓವರ್ ಮುಗಿಯುವ ಮೊದಲೇ ಕೊಹ್ಲಿ ಅತ್ತ. ನಮ್ಮ ಓಣಿಯಲ್ಲಿ ಅತ್ತವರ ಪಟ್ಟಿ ನಾನು ಕೊಡುವುದಿಲ್ಲ, ಮನೆ ಬಾಡಿಗೆ ಕೊಟ್ಟವರೂ ಅದರಲ್ಲಿದ್ದಾರೆ. ದೀಪಾವಳಿಗೆ ಹೊಡೆಯದ ಪಟಾಕಿ ಅವತ್ತು ಹೊಡೆದರು. ಮರುದಿನ ಸಂಜೆ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಬಹುತೇಕ ಎಳೆಯ ವಯಸ್ಸಿನವರು. ಅವತ್ತು ಅಲ್ಲಿ ಆಟ ಇರಲಿಲ್ಲ, ಗೆದ್ದವರ ಮುಖ ನೋಡುವುದಷ್ಟೇ ಇತ್ತು. ಕಟ್ಟೆಯ ಮೇಲೆ ಒಬ್ಬರು, "ಜನಕ್ಕ ಶಿಸ್ತಿಲ್ಲ, ಏನ್ ಮಾಡಾಕಾಗ್ತದ" ಅಂದರು. ನನಗೆ ಮೈ ಉರಿಯಿತು. ಗೇಟು ಯಾವುದು ತೆರೆಯುತ್ತದೆ, ಒಳಗೆ ಬಿಡುತ್ತಾರೋ ಇಲ್ಲವೋ, ಮೆರವಣಿಗೆ ಇದೆಯೋ ಇಲ್ಲವೋ ಎಂಬುದು ನಿಂತವರಿಗೆ ಗೊತ್ತಿರಲಿಲ್ಲ. ಅದನ್ನು ಹೇಳಬೇಕಾದವರ ಶಿಸ್ತಿನ ಮಾತು ಯಾಕೆ ಯಾರೂ ಎತ್ತುವುದಿಲ್ಲ? ಟಿಕೆಟ್ಟಿಗೆ ದುಡ್ಡಿಲ್ಲದ, ದುಡ್ಡಿದ್ದರೂ ಟಿಕೆಟ್ ಸಿಗದ ಹುಡುಗ ಹುಡುಗಿಯರಿಗೆ ತಂಡವನ್ನು ಕಣ್ಣಾರೆ ನೋಡಲು ಅದೊಂದೇ ದಿನ ಇತ್ತು. ಬಂದರು. ಅದನ್ನು ಅಶಿಸ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕಣ್ಣಾರೆ ನೋಡುವುದು ಅಂದೆ. ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು ಮುನ್ನೂರು ಕಿಲೋಮೀಟರು. ನಮ್ಮ ಕಟ್ಟೆಯ ಮಂದಿ ತಾವು ಪ್ರಾಣ ಬಿಡುವ ತಂಡವನ್ನು ಟಿವಿಯ ಹೊರಗೆ ನೋಡಿದವರಲ್ಲ. ಹಾಗಂತ ನಮಗೆ ನಮ್ಮದೇ ತಂಡ ಇರಲಿಲ್ಲವೆ? ಇತ್ತು. ಇದನ್ನು ಹೇಳಿದರೆ ಓಣಿಯ ಹುಡುಗರು ನಗುತ್ತಾರೆ. ಕರ್ನಾಟಕ ಪ್ರೀಮಿಯರ್ ಲೀಗ್ ಎಂಬುದೊಂದಿತ್ತು, ಅದರಲ್ಲಿ ಬಳ್ಳಾರಿ ಟಸ್ಕರ್ಸ್ ಎಂಬ ತಂಡವಿತ್ತು. ಟಸ್ಕರ್ಸ್ ಅಂದರೆ ದಂತದ ಆನೆಗಳು. ಕರಡಿ ಅಂದಿದ್ದರೆ ದರೋಜಿಯ ಕರಡಿಧಾಮಕ್ಕೆ ಮರ್ಯಾದೆ ಕೊಟ್ಟಂತಾಗುತ್ತಿತ್ತು. ಆನೆ ಎಲ್ಲಿಂದ ಬಂತೋ, ಹಂಪಿಯ ಗಜಶಾಲೆಯಿಂದ ಬಂದಿರಬೇಕು ಅಂತ ಸಮಾಧಾನ ಮಾಡಿಕೊಂಡಿದ್ದೆವು. ಈಗ ಹಂಪಿಯೂ ಜಿಲ್ಲೆ ಬಿಟ್ಟು ವಿಜಯನಗರಕ್ಕೆ ಹೋಯಿತು.

ಈ ಬಳ್ಳಾರಿ ತಂಡ ಬಳ್ಳಾರಿಯಲ್ಲಿ ಆಡಲಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಆಡಿತು. ನಮ್ಮ ಊರಿನ ಹೆಸರು ಹೊತ್ತವರು ನಮ್ಮ ಊರಿನ ಬಿಸಿಲು ಕುಡಿಯದೆ, ಒಂದು ಪ್ಲೇಟು ಮಂಡಕ್ಕಿ ಒಗ್ಗರಣೆ, ಮೇಲೆರಡು ಮಿರ್ಚಿ ತಿನ್ನದೆ, 2016ರಲ್ಲಿ ಚಾಂಪಿಯನ್ ಆದರು. ಆರ್‌ಸಿಬಿ ಹೈದರಾಬಾದಿಗೆ ಸೋತ ಅದೇ ವರ್ಷ! ಕಪ್ ನಮ್ದೇ ಆಗಿತ್ತು, ನಮಗೆ ಗೊತ್ತಾಗಲಿಲ್ಲ. ಕಟ್ಟೆಯಲ್ಲಿ ಅವತ್ತು ಯಾವ ಮಾತಿತ್ತೋ, ಇದಂತೂ ಇರಲಿಲ್ಲ. ಒಂದು ಪಟಾಕಿ ಹಾರಲಿಲ್ಲ.

2019ರಲ್ಲಿ ಮತ್ತೆ ಫೈನಲ್, ಮೈಸೂರಿನಲ್ಲಿ. ಹುಬ್ಬಳ್ಳಿ ಟೈಗರ್ಸ್ ಎದುರು ಎಂಟು ರನ್ನಿನ ಸೋಲು. ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ನಮ್ಮ ತಂಡದ ಇಬ್ಬರನ್ನು ಬಂಧಿಸಿದರು. ದುಡ್ಡು ತೆಗೆದುಕೊಂಡು ಫೈನಲ್‌ನಲ್ಲಿ ನಿಧಾನ ಆಡಿದರೆಂದು ಆರೋಪ. ಪ್ರಕರಣ ಹೈಕೋರ್ಟಿಗೆ ಹೋಗಿ 2022ರ ಜನವರಿಯಲ್ಲಿ ವಂಚನೆಯ ಮೊಕದ್ದಮೆ ರದ್ದಾಯಿತು. ನ್ಯಾಯಾಲಯದ ತರ್ಕವನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ಫಿಕ್ಸಿಂಗ್ ಮಾಡಿದ ಆಟಗಾರ ತಮಗೆ ಮೋಸ ಮಾಡಿದ ಎಂದು ಆಟ ಪ್ರೀತಿಸುವವರಿಗೆ ಅನಿಸಬಹುದು, ಆದರೆ ಆ ಅನಿಸಿಕೆಯಿಂದ ಅಪರಾಧ ಹುಟ್ಟುವುದಿಲ್ಲ. ಪ್ರೇಕ್ಷಕ ದುಡ್ಡು ಕೊಟ್ಟು ಟಿಕೆಟ್ ಕೊಂಡಿದ್ದು ನಿಜ, ಆದರೆ ಅವನಿಗೆ ಯಾರೂ ಆಸೆ ಹುಟ್ಟಿಸಿ ಕೊಳ್ಳುವಂತೆ ಮಾಡಲಿಲ್ಲ, ತಾನಾಗಿ ಕೊಂಡ. ಹೀಗೆ ಸಾಗುತ್ತದೆ ಅದು. ಕಾನೂನಿನ ದೃಷ್ಟಿಯಲ್ಲಿ ಸರಿಯೇ ಇರಬೇಕು. ನಮ್ಮ ಮಾಮನ ಮಟ್ಟಿಗಂತೂ ಅಕ್ಷರಶಃ ನಿಜ. ಹದಿನೆಂಟು ವರ್ಷ ಅವರನ್ನು ಯಾರೂ ಕರೆಯಲಿಲ್ಲ, ತಾವಾಗಿ ಹೋಗಿ ಟಿವಿ ಮುಂದೆ ಕೂತು ಬಿಪಿ ಏರಿಸಿಕೊಂಡರು.

ಕೆಪಿಎಲ್ ಅಲ್ಲಿಗೇ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂದು ಹೊಸದಾಗಿ ಶುರುವಾದಾಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ ಹೀಗೆ ಆರು ಊರಿನ ತಂಡಗಳು ಬಂದವು. ಬಳ್ಳಾರಿ ಇಲ್ಲ. ಯಾಕಿಲ್ಲ ಅಂತ ಊರಲ್ಲಿ ಒಬ್ಬರೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಜಿಲ್ಲೆ ಒಡೆದಾಗ ಬಂದ್ ಮಾಡಿದ ಊರು ಇದು. ತಂಡ ಹೋದದ್ದಕ್ಕೆ ಒಂದು ಅಂಗಡಿಯ ಶಟರ್ ಇಳಿಯಲಿಲ್ಲ. ಗೆದ್ದಾಗ ಹೊಗಳಲಿಲ್ಲ, ಹೋಗಲಿ ಬಿಡಿ. ಪೊಲೀಸರು ಬಂದಾಗಲಾದರೂ ಎದುರುಮನೆ ಮಾಮ ಕಟ್ಟೆ ಏರಿ ನಾಲ್ಕು ಮಾತು ಬೈಯಬೇಕಿತ್ತು. ಪೇಪರು ಮಡಿಸಿ, "ಯಾರೋ ಏನೋ" ಅಂದರು. ತಂಡಕ್ಕೆ ಸೋಲಿನಿಂದ ಸಾವಿಲ್ಲ, ಆರ್‌ಸಿಬಿಯೇ ಸಾಕ್ಷಿ. "ಯಾರೋ ಏನೋ" ಅನ್ನುವ ಊರಿನಲ್ಲಿ ಅದು ಬದುಕುವುದಿಲ್ಲ.

ಬೈಗುಳ ಹೇಗಿರಬೇಕು ಅಂತ ನೋಡಲು ನಮ್ಮ ಮುನ್ಸಿಪಲ್ ಮೈದಾನದ ಟೆನಿಸ್ ಬಾಲ್ ಟೂರ್ನಿಗೆ ಬರಬೇಕು. ಬೌಂಡರಿ ಗೆರೆಗೆ ಹಚ್ಚಿದ ಸುಣ್ಣದ ಮೇಲೆಯೇ ಜನ ಕಾಲು ಚಾಚಿ ಕೂತಿರುತ್ತಾರೆ. ಒಮ್ಮೆ ಒಬ್ಬ ಹುಡುಗ ಮೂರು ಬಾಲು ಸುಮ್ಮನೆ ಬಿಟ್ಟ. ಲಾಂಗ್ ಆನ್ ಕಡೆ ಕೂತಿದ್ದ ಬನಿಯನ್ನಿನ ಆಸಾಮಿ ಎದ್ದು, ಹುಡುಗನ ಹೆಸರು ಹಿಡಿದು, ಅವರಪ್ಪನ ಹೆಸರು ಹಿಡಿದು, ಅವನ ಬ್ಯಾಟಿನ ವಂಶಾವಳಿ ತೆಗೆದು ಕೂಗಿದ. ಹುಡುಗ ಆಟ ನಿಲ್ಲಿಸಿ ಬ್ಯಾಟು ಹಿಡಿದೇ ಗೆರೆಯ ತನಕ ನಡೆದು ಬಂದ. ನಾನು ಹೊಡೆದಾಟ ಅಂದುಕೊಂಡೆ. "ಮಾಮ, ಬಿಸಲು ಕಣ್ಣಿಗೆ ಹೊಡೀತೈತಿ, ಬಾಲೇ ಕಾಣವಲ್ದು" ಅಂದ. ಆಸಾಮಿ ತನ್ನ ತಲೆಯ ಟೋಪಿ ತೆಗೆದು ಎಸೆದ. ಹುಡುಗ ಅದನ್ನು ಹಾಕಿಕೊಂಡು ಹೋಗಿ ಮುಂದಿನ ಬಾಲಿಗೇ ಔಟಾದ. ಮೈದಾನ ತುಂಬ ಮತ್ತೆ ಬೈಗುಳ, ಈ ಸಲ ಟೋಪಿ ಕೊಟ್ಟವನಿಗೂ ಸೇರಿಸಿ. ಯಾವ ಸ್ಟೇಡಿಯಂನ ಯಾವ ಡಿಜೆಗೆ ಇದು ಸಾಧ್ಯ?

ಆರ್‌ಸಿಬಿ ನಮ್ಮ ಬೈಗುಳವನ್ನು ಕೇಳಿಸಿಕೊಳ್ಳಲಾರದಷ್ಟು ದೂರ ಇದೆ. ಕಟ್ಟೆಯ ಮೇಲಿನ ಆ ಆರ್ಭಟವೆಲ್ಲ ಗಾಳಿಗೆ ಹೋಗುತ್ತದೆ. ಹೊರಗಿನವನು ಬಂದು ನಮ್ಮ ಪರವಾಗಿ ಬೈದರೆ ಮಾಮನಿಗೆ ಸಿಟ್ಟು ಬರದೆ ಇನ್ನೇನಾಗಬೇಕು? ಟಿಕೆಟ್ ಇಲ್ಲ, ಸ್ಟೇಡಿಯಂ ಇಲ್ಲ, ಅವರ ಪಾಲಿಗೆ ಉಳಿದಿರುವ ಹಕ್ಕು ಅದೊಂದೇ.

ಆದ್ದರಿಂದ ಕ್ರಿಕೆಟ್ ಸಂಸ್ಥೆಯ ಹಿರಿಯರಲ್ಲಿ ಒಂದು ಮನವಿ. ಬಳ್ಳಾರಿಗೆ ಮತ್ತೊಂದು ತಂಡ ಕೊಡಿ, ಕರಡಿಯಾದರೂ ಸರಿ, ಆನೆಯಾದರೂ ಸರಿ. ಬಳ್ಳಾರಿಯಲ್ಲೇ ಆಡಿಸಿ. ಸೋತರೂ ಅಡ್ಡಿಯಿಲ್ಲ, ಮಿಕ್ಕದ್ದನ್ನು ನಾವು ನೋಡಿಕೊಳ್ಳುತ್ತೇವೆ.