ಹಿತ್ತಲ ಬಾಗಲಾ ಯಾವ ಬಣ್ಣ?

ನಮ್ಮ ಮನ್ಯಾಗ ಮಂಚದ ಕೆಳಗ ಒಂದ ರೇಲ್ವೆ ಸ್ಟೇಷನ್ ಅದ ಅಂದ್ರ ನಂಬ್ತೀರೇನ್ರಿ? ಎರಡ ಫೂಟಿನ ಮೂರ ಹಲಗಿ. ಹೊರಗ ತಗದು ಜೋಡಿಸಿದ್ರ ಸ್ಟೇಷನ್, ಬಿಚ್ಚಿದ್ರ ಮತ್ತ ಮಂಚದ ಕೆಳಗ. ಮಾಡಿದವರು ನಮ್ಮ ಮಾವನವರು.

ಅವರು ಕ್ಯಾಸಲ್‌ರಾಕ್‌ನ್ಯಾಗ ಹನ್ನೊಂದ ವರ್ಷ ಪಾಯಿಂಟ್ಸ್‌ಮನ್ ಇದ್ರು. ಆವಾಗ ಅಲ್ಲೆ ಮೀಟರ್ ಗೇಜ್. 1990ರ ದಶಕದಾಗ ಬ್ರಾಡ್ ಗೇಜ್ ಆಗಿ ಹಳೇ ಹಳಿ ಎಲ್ಲಾ ಕಿತ್ತಹೋದವು. ಅವನ್ನ ಮನ್ಯಾಗರೆ ಮತ್ತ ಹಾಕಬೇಕು ಅನ್ನೂದು ಮಾವನವರ ಹಟ.

ಖರೇ ಅಳತಿಯ 87ರಾಗ ಒಂದ ಪಾಲು. “ನೋಡವಾ, ಒಂದ ಮೀಟರ್ ಅಂದ್ರ ಇಲ್ಲೆ 11.5 ಮಿಲಿಮೀಟರ್” ಅಂತ ನನಗೂ ಲೆಕ್ಕ ಕಲಿಸಿದ್ರು. ಅಷ್ಟ ಅಗಲದ ರಟ್ಟಿನ ತುಂಡ ಕತ್ತರಿಸಿ, ಅದನ್ನ ನಡುವ ಸರಿಸಿಕೋತ ಹಿತ್ತಾಳಿ ತಂತಿಯ ಹಳಿ ಕೂಡಿಸಿದ್ರು. ಸ್ಲೀಪರ್ ಅಂದ್ರ ಕಡ್ಡಿಪೆಟ್ಟಿಗಿ ಕಡ್ಡಿ, ಒಂದ ಕಡ್ಡಿಗೆ ಎರಡು. ಡಬ್ಬಿಗೆ ಲಗ್ನಪತ್ರಿಕಿ ರಟ್ಟು, ಹೆಂಚಿಗೆ ಬಲ್ಬಿನ ಡಬ್ಬಿಯೊಳಗಿನ ಗೀರಗೀರಿನ ಹಾಳಿ. ನೆಲಕ್ಕ ನಮ್ಮ ಸೋಸಿದ ಚಾಪುಡಿ, ಒಣಗಿಸಿದ್ದು. ಖಡಿಗೆ ನನ್ನ ರವಾ ಸಾಣಿಗ್ಯಾಗ ಜರಡಿ ಹಿಡದ ಉಸುಕು! ಫೆವಿಕಾಲ್ ನೀರಿಗೆ ಒಂದ ಹನಿ ಪಾತ್ರಿ ತಿಕ್ಕೂ ಸಾಬೂನ ಬೇಕಂತ. ಇಲ್ಲಂದ್ರ ಅಂಟು ಉಸುಕಿನ ಮ್ಯಾಲೆ ಗುಂಡಗುಂಡಗ ನಿಂದರ್ತದ, ಒಳಗ ಇಳ್ಯೂದಿಲ್ಲ.

ಅತ್ತಿಯವರು ಮಾತ್ರ ಅದರ ಕಡೆ ಹೊಳ್ಳಿ ನೋಡಿರಲಿಲ್ಲ. “ನೌಕರಿ ಇದ್ದಾಗೂ ರೈಲ, ಈಗೂ ರೈಲ” ಅಂತ ಒಂದ ಮಾತು, ಅಷ್ಟ.

ಸಿಗ್ನಲ್ ಎಲ್ಲೆ, ಪಾಯಿಂಟ್ ಎಲ್ಲೆ, ಘಾಟಿನ್ಯಾಗ ಗಾಡಿಗೆ ಹಿಂದಿಂದ ಹಚ್ಚೂ ಎಂಜಿನ್ ನಿಲ್ಲೂದು ಎಲ್ಲೆ, ಎಲ್ಲಾ ಮಾವನವರಿಗೆ ಬಾಯಿಪಾಠ. 37 ಮೀಟರ್ ಹೋದ್ರ 1 ಮೀಟರ್ ಏರೂ ಘಾಟು ಅದು. ಆದ್ರ ತಮ್ಮ ಕ್ವಾರ್ಟರ್ಸ್ ಮಾಡ್ಲಿಕ್ಕೆ ಕೂತಾಗ ಕೈ ನಿಂತಬಿಡ್ತು. ಮೆಟ್ಟಲಾ ಎಷ್ಟಿದ್ವು? ಅಡಗಿಮನಿ ಕಿಡಕಿ ಯಾವ ಕಡೆ? “ಹಿತ್ತಲ ಬಾಗಲಾ ಯಾವ ಬಣ್ಣ ಇತ್ತೋ ಏನೋ” ಅಂತ ತಮ್ಮಷ್ಟಕ್ಕ ತಾವ ಅಂದ್ರು.

“ಹಸರು” ಅಂತ ಅಡಗಿಮನಿಯಿಂದ ದನಿ ಬಂತು. “ಮಳಿಗಾಲದಾಗ ಉಬ್ಬಿ ಮುಚ್ಚತಿದ್ದಿಲ್ಲ. ನೀವು ರಾತ್ರಿ ಡ್ಯೂಟಿಗೆ ಹೋದ ಮ್ಯಾಲೆ ರುಬ್ಬೂ ಗುಂಡು ಅಡ್ಡ ಇಟ್ಟು, ಕೂಸಿನ್ನ ಅವಚಿಕೊಂಡು ಮಲಗತಿದ್ದೆ. ಸುತ್ತ ಅಡವಿ. ನಿದ್ದಿ ಎಲ್ಲಿಂದ ಬರಬೇಕು?”

ಮಾವನವರು ಬ್ರಶ್ ಕೆಳಗ ಇಟ್ರು. “ನನಗ ಹೇಳಲೇ ಇಲ್ಲಲ್ಲ ನೀ?”

“ನೀವು ಕೇಳಿದ್ದಿಲ್ಲಲ್ಲ.”

ನನಗ ಎದ್ದ ಹೋಗಬೇಕೋ, ಕೂಡಬೇಕೋ ತಿಳೀಲಿಲ್ಲ. ಆ ಕೂಸು ಅಂದ್ರ ನಮ್ಮನಿಯವರು.

ಒಂದ ತಾಸಿನ ಮ್ಯಾಲೆ ನೋಡ್ತೇನಿ, ಅತ್ತಿಯವರು ಚಾಳೀಸು ಹಾಕ್ಕೊಂಡು ಹಲಗಿ ಮುಂದ ಕೂತಾರ. ಮೆಟ್ಟಲಾ ನಾಕು, ಮೂರನೇದ್ದು ಒಡದಿತ್ತು. ಅರಿವಿ ಹಗ್ಗ ಹೊರಗಲ್ಲ, ಪಡಸಾಲ್ಯಾಗ, ಯಾಕಂದ್ರ ನಾಕ ತಿಂಗಳು ಬಿಡದ ಮಳಿ. ಅವರು ಹೇಳಿಕೋತ ಹೋದ್ರು, ಮಾವನವರು ಬರಕೋತ ಹೋದ್ರು. ಆಮ್ಯಾಲೆ 23 ಮಿಲಿಮೀಟರಿನ ಬಾಗಲಾ ಕತ್ತರಿಸಿ, ಹಸರ ಹಚ್ಚಿ, ಬೇಕಂತನ ಚೂರ ಸೊಟ್ಟಗ ಕೂಡಿಸಿದ್ರು. ಅದು ಪೂರಾ ಮುಚ್ಚೂದಿಲ್ಲ.

ಮುಂದಿನ ಸಲ ನಮ್ಮನಿಗೆ ಬಂದ್ರ ಹಲಗಿ ಹೊರಗ ತಗಸ್ರಿ, ಬಗ್ಗಿ ನೋಡ್ರಿ. ಆ ಬಾಗಲಾ ಒಳಗ, ಬುಡಕ್ಕ ಒಂದ ಕರೇ ಉದ್ದಿನ ಕಾಳು ಅದ. ಅತ್ತಿಯವರೇ ಡಬ್ಬ್ಯಾಗಿಂದ ಆರಿಸಿ ತಂದು ಅಂಟಿಸಿದ್ದು. ಕಸ ಅಂತ ತಗದ ಒಗದೀರಿ ಮತ್ತ!