ಎಡಗೈಗೊಂದು ತೆಳು ಚರ್ಮ

ಬೆಂಗಳೂರಿನ ಬಿಸಿಲಲ್ಲಿ ವರ್ಷಗಟ್ಟಲೆ ಗಾಲ್ಫ್ ಆಡಿದವರನ್ನು ಗುರುತಿಸಬೇಕಾದರೆ, ಅವರು ಕೈಜೋಡಿಸಿ ನಮಸ್ಕಾರ ಹೇಳುವಾಗ ನೋಡಬೇಕು. ಬಲಗೈ ಬೆರಳ ತುದಿಯವರೆಗೂ ಕಂದಿರುತ್ತದೆ. ಎಡಗೈ ಮಾತ್ರ ಮಣಿಕಟ್ಟಿನ ಬಳಿ ಗೆರೆ ಎಳೆದಂತೆ ಬಣ್ಣ ಬದಲಿಸಿ, ಅಲ್ಲಿಂದ ಮುಂದೆ ಬಿಳಿಚಿಕೊಂಡಿರುತ್ತದೆ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಹಿರಿಯರಿಂದ ಹಿಡಿದು ಈಗಷ್ಟೇ ಡ್ರೈವಿಂಗ್ ರೇಂಜಿಗೆ ಬರತೊಡಗಿದ ಹುಡುಗಿಯವರೆಗೆ, ಎಷ್ಟೋ ಕೈಗಳಲ್ಲಿ ನಾನು ಈ ಗೆರೆ ಕಂಡಿದ್ದೇನೆ. ಕಂಡಾಗಲೆಲ್ಲ ಆ ಕೈಯನ್ನು ಮುಚ್ಚಿದ್ದ ತೆಳು ಚರ್ಮದ ಮೇಲೆ ಪ್ರೀತಿ ಉಕ್ಕುತ್ತದೆ.

ಎಡಗೈಗೇ ಏಕೆ ಗ್ಲೌಸು? ಬಲಗೈ ಆಟಗಾರರು ಕೋಲು ಹಿಡಿದಾಗ ಎಡಗೈ ಮೇಲಿರುತ್ತದೆ. ಆ ಕೈಯ ಕಿರುಬೆರಳು, ಉಂಗುರಬೆರಳು, ನಡುಬೆರಳು ಇವಿಷ್ಟೇ ಕೋಲನ್ನು ಕಾಯುವ ಮುಖ್ಯ ಕಾವಲುಗಾರರು. ಎಡಚರಿಗೆ ಎಲ್ಲವೂ ತಿರುಗುಮುರುಗು. ಹವ್ಯಾಸಕ್ಕೆ ಆಡುವ ಗಂಡಸು ಬೀಸಿದ ಡ್ರೈವರ್ ಕೋಲಿನ ತಲೆಯೂ ಚೆಂಡಿಗೆ ತಾಗುವ ಹೊತ್ತಿಗೆ ಗಂಟೆಗೆ ಸುಮಾರು 150 ಕಿಲೋಮೀಟರ್ ವೇಗದಲ್ಲಿರುತ್ತದೆ. ಅಂಥ ವೇಗದಲ್ಲಿ ಕೋಲು ಜಾರೀತೆಂಬ ಅಳುಕು ಹುಟ್ಟಿದರೆ ಬೆರಳು ತಾವಾಗಿಯೇ ಬಿಗಿಯುತ್ತವೆ. ಬೆರಳು ಬಿಗಿದರೆ ಮುಂಗೈ ಬಿಗಿಯುತ್ತದೆ, ಅದರ ಹಿಂದೆ ಭುಜ. ಅಲ್ಲಿಗೆ ಬೀಸು ಕೆಟ್ಟಂತೆಯೇ. ಗ್ಲೌಸು ಇರುವುದು ಗಟ್ಟಿಯಾಗಿ ಹಿಡಿಯುವುದಕ್ಕೆ ಎಂದು ಹಲವರು ತಿಳಿದಿದ್ದಾರೆ. ಅದು ಇರುವುದು ಹಗುರಾಗಿ ಹಿಡಿಯುವ ಧೈರ್ಯ ಕೊಡುವುದಕ್ಕೆ.

ಹಗುರಾದ ಹಿಡಿತಕ್ಕೆ ತೆಳುವಾದ ಚರ್ಮವೇ ಬೇಕು. ಒಳ್ಳೆಯ ಗ್ಲೌಸುಗಳ ಮೇಲೆ ಕ್ಯಾಬ್ರೆಟಾ ಎಂದು ಬರೆದಿರುತ್ತದೆ. ಇದು ಉಣ್ಣೆಯ ಬದಲು ಕೂದಲು ಬೆಳೆಯುವ ಕುರಿಯ ಚರ್ಮ. ನಮ್ಮ ಕುರಿ ಸಾಕುವವರಿಗೆ ಈ ಭೇದ ಬಿಡಿಸಿ ಹೇಳಬೇಕಿಲ್ಲ. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಡುವ ಕುರಿ ಬೇರೆ, ಮಾಂಸಕ್ಕೆ ಹೆಸರಾದ ಬನ್ನೂರು ಕುರಿ ಬೇರೆ. ಬನ್ನೂರಿನದರ ಮೈಮೇಲೆ ಒರಟು ಕೂದಲೇ ಹೆಚ್ಚು. ಉಣ್ಣೆ ದಟ್ಟವಾಗಿದ್ದಲ್ಲಿ ಚರ್ಮದೊಳಗೆ ಕೊಬ್ಬೂ ಹೆಚ್ಚು. ಹದ ಮಾಡಿದ ಮೇಲೆ ಕೊಬ್ಬಿದ್ದ ಜಾಗ ಟೊಳ್ಳಾಗಿ ಚರ್ಮ ಸಡಿಲವಾಗುತ್ತದೆ. ಕೂದಲಿನ ಕುರಿಯ ಚರ್ಮದಲ್ಲಿ ಎಳೆಗಳು ಒತ್ತೊತ್ತಾಗಿ ಹೆಣೆದುಕೊಂಡಿರುವುದರಿಂದ ಎಷ್ಟು ತೆಳುವಾಗಿಸಿದರೂ ಗಟ್ಟಿತನ ಉಳಿಯುತ್ತದೆ. ಇಥಿಯೋಪಿಯಾದ ಎತ್ತರದ ಸೀಮೆಯ ಕುರಿಗಳಿಗೆ ಇದರಲ್ಲಿ ದೊಡ್ಡ ಹೆಸರು. ಇಂಗ್ಲೆಂಡಿನ ಯೋವಿಲ್ ಊರಿನಲ್ಲಿ 1826ರಲ್ಲಿ ಆರಂಭವಾದ ಪಿಟ್ಟರ್ಡ್ಸ್ ಕಂಪನಿ ಆ ಚರ್ಮವನ್ನು ಹದ ಮಾಡಿ ಗ್ಲೌಸಿನವರಿಗೆ ಒದಗಿಸಿಯೇ ಖ್ಯಾತಿ ಗಳಿಸಿತು. ಬೆಟ್ಟದಲ್ಲಿ ಮೇಯ್ದ ಕುರಿ, ಹದ ಮಾಡಿದವನು, ಕತ್ತರಿಸಿ ಹೊಲಿದವಳು, ಇಷ್ಟು ಜನರ ಬದುಕು ಹಾಯ್ದು ಬಂದದ್ದು ನಮ್ಮ ಅಂಗೈಗೆ ಅಂಟಿಕೊಂಡಿರುತ್ತದೆ. ಅದನ್ನು ಅಸಡ್ಡೆಯಿಂದ ಕಾಣಲು ನನಗೆ ಮನಸ್ಸು ಬಾರದು.

ಅಂಗಡಿಯಲ್ಲಿ ಅವಸರ ಸಲ್ಲದು. ಬಣ್ಣ, ಬ್ರ್ಯಾಂಡು ಆಮೇಲೆ ನೋಡಿದರಾಯಿತು. ಮೊದಲು ತೊಟ್ಟು ಮುಷ್ಟಿ ಕಟ್ಟಬೇಕು, ಬಿಡಿಸಬೇಕು. ಅಂಗೈಯಲ್ಲಿ ನೆರಿಗೆ ಕಂಡರೆ ದೊಡ್ಡದಾಯಿತು. ಬೆರಳ ತುದಿಯಲ್ಲಿ ಚರ್ಮ ಖಾಲಿ ಉಳಿದರೂ ದೊಡ್ಡದೇ. ವೆಲ್ಕ್ರೋ ಪಟ್ಟಿ ಕೊನೆಮುಟ್ಟ ಹೋಗಬಾರದು, ಸ್ವಲ್ಪ ಜಾಗ ಉಳಿಯಬೇಕು. ನಾಲ್ಕು ದಿನ ಬೆವರು ಕುಡಿದ ಚರ್ಮ ಸಡಿಲಗೊಳ್ಳುತ್ತದೆ, ಆಗ ಎಳೆದು ಬಿಗಿಯಲು ಆ ಜಾಗ ಬೇಕು. ಅಗಲ ಅಂಗೈ, ಗಿಡ್ಡ ಬೆರಳು ಇರುವವರಿಗೆಂದೇ ‘ಕೆಡೆಟ್’ ಎಂಬ ಅಳತೆಯಿದೆ, ಕೇಳಿ ಪಡೆಯಬೇಕು. 2021ರ ಆಗಸ್ಟಿನಲ್ಲಿ ನಮ್ಮ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವಳಾದಾಗ ಗಾಲ್ಫ್ ಎಂದರೇನೆಂದು ಅರಿಯದ ಮನೆಗಳಲ್ಲೂ ಟಿ.ವಿ. ಮುಂದೆ ಜನ ಕೂತಿದ್ದರು. ಅಂಥದ್ದನ್ನು ಕಂಡು ಆಡುವ ಆಸೆ ಹೊತ್ತು ಬರುವ ಮಕ್ಕಳಿಗೆ ‘ಬೆಳೆಯುವ ಕೈ’ ಎಂದು ದೊಡ್ಡ ಅಳತೆಯದನ್ನು ತೊಡಿಸುವವರಿದ್ದಾರೆ. ದಯವಿಟ್ಟು ಬೇಡ. ಜೋಲಾಡುವ ಗ್ಲೌಸು ಆ ಪುಟ್ಟ ಬೆರಳುಗಳಿಗೆ ಬಿಗಿಯುವುದನ್ನೇ ಕಲಿಸುತ್ತದೆ.

ಚರ್ಮಕ್ಕೆ ನೀರು ಆಗದು. ಮಳೆಗಾಲಕ್ಕೆ, ಮಂಗಳೂರಿನಂಥ ಕರಾವಳಿಯ ಸೆಕೆಗೆ ಚೀಲದಲ್ಲಿ ಸಿಂಥೆಟಿಕ್ ಜೊತೆಯೊಂದು ಇರಲಿ. ಮಳೆಗೆಂದು ಮಾಡಿದವು ಒದ್ದೆಯಾದಷ್ಟೂ ಚೆನ್ನಾಗಿ ಹಿಡಿಯುತ್ತವೆ. ಬೇಸಿಗೆಯಲ್ಲಿ ಎರಡು ಚರ್ಮದವನ್ನು ಸರದಿಯ ಮೇಲೆ ಬಳಸಿದರೆ ಎರಡೂ ಬಾಳುತ್ತವೆ. ಬಿಚ್ಚುವಾಗ ಬೆರಳು ಹಿಡಿದು ಜಗ್ಗದೆ ಮಣಿಕಟ್ಟಿನಿಂದ ಮೆಲ್ಲಗೆ ಸಡಿಲಿಸಬೇಕು. ಆಮೇಲೆ ಅಂಗೈ ಮೇಲೆ ಹರವಿ, ನೆರಿಗೆ ಸವರಿ, ನೆರಳಲ್ಲಿ ಆರಿಸಿ, ಅದು ಬಂದ ಲಕೋಟೆಯಲ್ಲೇ ಚಪ್ಪಟೆಯಾಗಿ ಇಡಬೇಕು. ಹಿಂಜೇಬಿಗೆ ತುರುಕಿದ್ದು ಬೆವರಿನ ಉಪ್ಪಿಗೆ ಸೆಡೆತು ಬಿರಿಯುತ್ತದೆ.

ಗ್ರೀನ್ ತಲುಪಿದೊಡನೆ ಬಹುಪಾಲು ಆಟಗಾರರು ಗ್ಲೌಸು ಬಿಚ್ಚುತ್ತಾರೆ, ಪಟ್ ಮಾಡುವಾಗ ಬೆರಳಿಗೆ ಕೋಲು ನೇರವಾಗಿ ತಿಳಿಯಲೆಂದು. ಜ್ಯಾಕ್ ನಿಕ್ಲಾಸ್ ಬಿಚ್ಚುತ್ತಿರಲಿಲ್ಲ. ಫ್ರೆಡ್ ಕಪಲ್ಸ್ ಅಂತೂ ತೊಡುತ್ತಲೇ ಇರಲಿಲ್ಲ. 1992ರ ಮಾಸ್ಟರ್ಸ್ ಗೆದ್ದದ್ದು ಬರಿಗೈಯಲ್ಲಿ. ಅವರ ಬೀಸಿನ ಸಲೀಸುತನ ನೋಡಿದವರಿಗೆ ಆ ಕೈಗೆ ಧೈರ್ಯ ಹೊರಗಿನಿಂದ ಬರಬೇಕಿರಲಿಲ್ಲವೆಂದು ಅರ್ಥವಾಗುತ್ತದೆ.

ಹಳಬರಾದ ಕ್ಯಾಡಿಯೊಬ್ಬರು ಹೊಸಬರ ಚೀಲ ಹೊರುವ ಮುನ್ನ, “ಸಾರ್, ಗ್ಲೌಸ್ ಒಂದ್ಸಲ ಕೊಡಿ” ಎಂದು ಕೇಳಿ ಅಂಗೈ ಭಾಗವನ್ನು ಬೆಳಕಿಗೆ ಹಿಡಿಯುತ್ತಿದ್ದರು. ಅಂಗೈಯ ಬುಡದಲ್ಲಿ ತೂತು ಬಿದ್ದಿದ್ದರೆ, ಬೀಸಿನ ನಡುವೆ ಕೋಲು ಕೈಯೊಳಗೆ ಸರಿದಾಡುತ್ತಿದೆ ಅಥವಾ ಅದನ್ನು ತೀರ ತುದಿಯಲ್ಲಿ ಹಿಡಿದಿದ್ದಾರೆ. ಹೆಬ್ಬೆರಳು ಸವೆದಿದ್ದರೆ ಅದನ್ನು ಅತಿಯಾಗಿ ಒತ್ತುತ್ತಿದ್ದಾರೆ. ಎಲ್ಲೆಡೆ ಸಮನಾಗಿ ಮಾಸಿದ್ದರೆ ತಲೆದೂಗಿ ಹಿಂದಿರುಗಿಸುತ್ತಿದ್ದರು. ದಪ್ಪ ಗ್ಲೌಸು ಬಹಳ ಕಾಲ ಬಾಳುತ್ತದೆ, ನಿಜ. ಆದರೆ ನಮ್ಮ ತಪ್ಪನ್ನು ಇಷ್ಟು ಬೇಗ ತೋರಿಸಿಕೊಡದು. ತೆಳು ಚರ್ಮ ಸವೆಯುವುದೇ ಅದರ ಉಪಕಾರ ಎಂದು ನಾನು ನಂಬಿದ್ದೇನೆ. ಹಾಗಾಗಿ ತೂತು ಬಿದ್ದ ದಿನ ಅಂಗಡಿಗೆ ಓಡಬೇಡಿ. ಅದು ಎಲ್ಲಿ ಬಿದ್ದಿದೆ ನೋಡಿ, ಹಿಡಿತ ತಿದ್ದಿಕೊಳ್ಳಿ. ಹೊಸದನ್ನು ಆಮೇಲೆ ಕೊಳ್ಳಿ, ಮತ್ತೆ ಅಷ್ಟೇ ತೆಳುವಾದದ್ದನ್ನೇ.