ಕಲಿಸುವ ಕೈಗೂ ಒಂದು ಲೆಕ್ಕವಿದೆ

'ಟೀಚರ್' ಎಂದು ಯಾರಾದರೂ ಕೂಗಿದರೆ ನಾವಿಬ್ಬರೂ ಇವತ್ತಿಗೂ ಒಮ್ಮೆ ಹಿಂದೆ ತಿರುಗಿ ನೋಡುತ್ತೇವೆ. ನಿಜವಾದ ಟೀಚರ್ ಯಾರೋ ನಮ್ಮ ಬೆನ್ನ ಹಿಂದೆ ನಿಂತಿರಬೇಕು ಅನ್ನಿಸುತ್ತದೆ. ನಾವು ಶಾಲೆಯಲ್ಲಿ ಪಾಠ ಹೇಳುವವರಲ್ಲ, ಬ್ಯೂಟಿ ಪಾರ್ಲರ್ ಕೆಲಸ ಕಲಿಸುವವರು. ನಮ್ಮಲ್ಲಿ ಒಬ್ಬಳು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವಳು, ಇನ್ನೊಬ್ಬಳು ಪಿಯುಸಿಯಲ್ಲಿ ಇಂಗ್ಲಿಷಿಗೆ ನಪಾಸಾಗಿ ಮನೆಯಲ್ಲಿ ಕುಳಿತವಳು. ಸಂಬಂಧದಲ್ಲಿ ಅತ್ತಿಗೆ-ನಾದಿನಿ. ಅತ್ತಿಗೆ ನಾದಿನಿ ಒಂದೇ ಒಲೆಯ ಮುಂದೆ ಬಾಳುವುದು ಕಷ್ಟ ಎನ್ನುತ್ತಾರೆ. ನಾವು 20 ವರ್ಷಕ್ಕೂ ಮೇಲ್ಪಟ್ಟು ಒಂದೇ ಕನ್ನಡಿಯ ಮುಂದೆ ಬಾಳಿದ್ದೇವೆ.

ನಾವು ಈ ಕಸುಬಿಗೆ ಬಂದದ್ದು ಆಸೆಯಿಂದಲ್ಲ. ಶಿವಮೊಗ್ಗದಲ್ಲಿ ನಮ್ಮ ಮನೆಯವರು ನಡೆಸುತ್ತಿದ್ದ ಲೇತ್ ಅಂಗಡಿ 2001ರಲ್ಲಿ ಮುಚ್ಚಿತು. ಮನೆಯಲ್ಲಿ ಏಳು ಜನ. ಈದ್ ಹಿಂದಿನ ರಾತ್ರಿ ಓಣಿಯ ಹೆಣ್ಣುಮಕ್ಕಳಿಗೆಲ್ಲ ಮೆಹಂದಿ ಹಾಕುತ್ತಿದ್ದ ನಮಗೆ ಯಾರೋ ಹೇಳಿದರು, ಇದನ್ನೇ ದುಡಿಮೆ ಮಾಡಿಕೊಳ್ಳಬಾರದೇ ಎಂದು. ಚಿನ್ನದ ಓಲೆ ಅಡವಿಟ್ಟು ಊರಿನ ಒಂದು ಪಾರ್ಲರಿಗೆ ಸೇರಿದೆವು. ಮೂರು ತಿಂಗಳ ಕೋರ್ಸು ಎಂದಿದ್ದರು. ಮೊದಲ ತಿಂಗಳು ನೆಲ ಗುಡಿಸಿದೆವು, ಟವೆಲ್ ಒಗೆದೆವು, ಗಿರಾಕಿಗಳಿಗೆ ಚಹಾ ತಂದುಕೊಟ್ಟೆವು. ಫೇಶಿಯಲ್ ಪ್ಯಾಕ್ ಕಲಸುವ ಹೊತ್ತಿಗೆ ಆ ಮೇಡಂ ಪರದೆಯ ಆಚೆ ಹೋಗುತ್ತಿದ್ದರು. ಕೇಳಿದರೆ, "ನೋಡ್ತಾ ನೋಡ್ತಾ ಬರುತ್ತೆ" ಎನ್ನುತ್ತಿದ್ದರು. ಹಾಗಾಗಿ ನಾವು ಕಣ್ಣಿನಲ್ಲೇ ಕದ್ದು ಕಲಿತೆವು. ಅವರನ್ನು ದೂರಲಾರೆವು. ಅವರಿಗೂ ಯಾರೋ ಹಾಗೆಯೇ ಕಲಿಸಿದ್ದರು. ಗುಟ್ಟೆಲ್ಲ ಹೇಳಿಕೊಟ್ಟರೆ ನಾಳೆ ಎದುರಿನಲ್ಲೇ ಅಂಗಡಿ ಇಡುತ್ತಾರೆ ಎಂಬ ಭಯ ಈ ಕಸುಬಿನಲ್ಲಿ ಎಲ್ಲರಿಗೂ ಇದೆ.

ಮನೆಯ ಮುಂಗೋಣೆಯಲ್ಲಿ ಎರಡು ಕುರ್ಚಿ ಹಾಕಿ ನಾವೂ ಶುರು ಮಾಡಿದೆವು. ಬಂಧುಗಳು ಮಾತಾಡಿಕೊಂಡರು. "ಮಂದಿ ಕೂದಲು ತೆಗೆಯೋ ಕೆಲಸ ಯಾಕೆ ಬೇಕಿತ್ತು?" ಎಂದರು ಒಬ್ಬ ಹಿರಿಯರು. ಕ್ಷೌರವನ್ನೇ ನಂಬಿ ಬದುಕಿದವರನ್ನು ಕೀಳಾಗಿ ಕಂಡ ಊರು ನಮ್ಮದು. ಅದೇ ಕೆಲಸಕ್ಕೆ ಗಾಜಿನ ಬಾಗಿಲು, ಇಂಗ್ಲಿಷ್ ಹೆಸರು ಬಂದ ಮೇಲೆ ಅದೇ ಊರು ದುಡ್ಡು ಕೊಟ್ಟು ಸರದಿಯಲ್ಲಿ ಕೂತಿತು. ನಮಗೂ ಗಿರಾಕಿಗಳು ಬಂದರು. ಹೆಂಗಸರೇ ನಡೆಸುವ, ಗಂಡಸರು ಕಾಲಿಡದ ಜಾಗ ಎಂದು ಬುರ್ಖಾದವರೂ ಬಂದರು, ಬೇರೆಯವರೂ ಬಂದರು. ನಾಲ್ಕೈದು ವರ್ಷದಲ್ಲಿ ಕಲಿಯುವ ಹುಡುಗಿಯರೂ ಬರತೊಡಗಿದರು. ಫೀಸು ತೆಗೆದುಕೊಂಡೆವು. ನಮಗೆ ಕಲಿಸಿದ ಹಾಗೆಯೇ ನಾವೂ ಕಲಿಸಿದೆವು. ನೆಲ ಗುಡಿಸು, ಟವೆಲ್ ಒಗಿ, ನೋಡ್ತಾ ನೋಡ್ತಾ ಬರುತ್ತೆ.

2011ರ ಮದುವೆ ಸೀಸನ್. ನಮ್ಮಲ್ಲಿ ಕಲಿತು ಶಿಕಾರಿಪುರದ ಕಡೆಯ ತನ್ನ ಹಳ್ಳಿಯಲ್ಲಿ ಸಣ್ಣದೊಂದು ಪಾರ್ಲರ್ ಇಟ್ಟಿದ್ದ ಹುಡುಗಿಗೆ ಪಕ್ಕದ ಬೀದಿಯ ಮದುಮಗಳ ಕೈಗೆ ಮೆಹಂದಿ ಹಾಕುವ ಕೆಲಸ ಸಿಕ್ಕಿತು. ಮದುವೆಗೆ ನಾಲ್ಕು ದಿನವಿತ್ತು. ಬಣ್ಣ ಕಪ್ಪಗೆ ಬರಬೇಕು, ಸಂಜೆಯ ಶಾಸ್ತ್ರಕ್ಕೇ ಕಾಣಬೇಕು ಎಂದರಂತೆ. ಹುಡುಗಿ ಕೋನಿಗೆ ಕಪ್ಪು ಹೇರ್ ಡೈ ಪುಡಿ ಬೆರೆಸಿದಳು. ಬಣ್ಣ ಗಂಟೆಯೊಳಗೆ ಕಪ್ಪಾಯಿತು, ಎಲ್ಲರೂ ಹೊಗಳಿದರು. ಮೂರನೆಯ ದಿನ ಚಿತ್ತಾರದ ಗೆರೆಗಳ ಮೇಲೆಯೇ ಗುಳ್ಳೆಗಳೆದ್ದವು. ಎಲೆ ಬಿಡಿಸಿದ ಕಡೆ ಎಲೆಯಾಕಾರದ ಗುಳ್ಳೆ, ಬಳ್ಳಿ ಬಿಡಿಸಿದ ಕಡೆ ಬಳ್ಳಿಯಾಕಾರದ ಗುಳ್ಳೆ. ಧಾರೆಯ ಹೊತ್ತಿಗೆ ಆ ಹೆಣ್ಣುಮಗಳ ಎರಡೂ ಕೈಗೆ ಬಟ್ಟೆ ಸುತ್ತಿತ್ತು.

ಸುದ್ದಿ ಕೇಳಿ ಹುಡುಗಿಯನ್ನು ಗದರಿಸಲು ಹೊರಟೆವು. ಅವಳು ಅಳುತ್ತಾ ಒಂದೇ ಮಾತು ಹೇಳಿದಳು: "ಬಾಜಿ, ನೀವೂ ಹಾಕ್ತಿದ್ರಲ್ಲ."

ಹೌದು, ಹಾಕುತ್ತಿದ್ದೆವು. ಅವಸರದ ಗಿರಾಕಿಗಳಿಗೆ ಎರಡು ಮೂರು ಸೀಸನ್ ನಾವೂ ಅದನ್ನೇ ಬೆರೆಸಿದ್ದೆವು. ಯಾರಿಗೂ ಏನೂ ಆಗಿರಲಿಲ್ಲ, ಅಥವಾ ಆದದ್ದು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಬೆರೆಸು ಎಂದು ಅವಳಿಗೆ ನಾವು ಹೇಳಿರಲಿಲ್ಲ, ಬೆರೆಸಬೇಡ ಎಂದೂ ಹೇಳಿರಲಿಲ್ಲ. ಅವಳು ನಮ್ಮ ಹಾಗೆಯೇ ಕಣ್ಣಿನಲ್ಲಿ ಕದ್ದು ಕಲಿತಿದ್ದಳು.

ಮದುಮಗಳ ಮನೆಗೆ ಹೋದೆವು. ಮುಸ್ಲಿಂ ಹುಡುಗಿ, ಹಿಂದೂ ಮದುವೆಮನೆ. ಮಾತು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಹೋಗದಂತೆ ತಡೆದವರು ಆ ತಾಯಿಯೇ. ಮಗಳ ಚಿಕಿತ್ಸೆಯ ಖರ್ಚು ಕೊಡುತ್ತೇವೆ ಎಂದಾಗ ಬೇಡವೆನ್ನಲಿಲ್ಲ, ತೆಗೆದುಕೊಂಡರು. ಚಹಾ ಕೊಟ್ಟರು. ಆಮೇಲೆ ಕೇಳಿದರು: "ನಿಮ್ಮ ಹುಡುಗಿಗೆ ಗೊತ್ತಿರಲಿಲ್ಲ, ಸರಿ. ನಿಮಗೂ ಗೊತ್ತಿರಲಿಲ್ಲ ಅಂದ್ರೆ ಹೇಳಿಕೊಡೋಕೆ ಯಾಕೆ ಕೂತ್ರಿ?"

ಬಸ್ಸಿನಲ್ಲಿ ಶಿವಮೊಗ್ಗಕ್ಕೆ ವಾಪಸ್ಸು ಬರುವವರೆಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ಚರ್ಮದ ವೈದ್ಯರೊಬ್ಬರು ವಿಷಯ ಬಿಡಿಸಿ ಹೇಳಿದರು. ಗೋರಂಟಿ ಎಲೆಯಲ್ಲಿರುವುದು ಲಾಸೋನ್ ಎಂಬ ಬಣ್ಣ. ಅದು ಮೊದಲು ಕಿತ್ತಳೆಯಾಗಿ ಕಂಡು, ಒಂದೆರಡು ದಿನದಲ್ಲಿ ಕೆಂಪು ಮಿಶ್ರಿತ ಕಂದಾಗುತ್ತದೆ. ಗಂಟೆಯೊಳಗೆ ಕಪ್ಪಾಗುವ ಮೆಹಂದಿ ಬರೀ ಮೆಹಂದಿಯಲ್ಲ. ಕಪ್ಪು ಹೇರ್ ಡೈಗಳಲ್ಲಿ ಸಾಮಾನ್ಯವಾಗಿ ಪಿಪಿಡಿ, ಅಂದರೆ ಪ್ಯಾರಾಫಿನೈಲಿನ್‌ಡೈಅಮೈನ್ ಎಂಬ ರಾಸಾಯನಿಕ ಇರುತ್ತದೆ. ಕೂದಲಿಗೆಂದು ಮಾಡಿದ್ದನ್ನು ಚರ್ಮದ ಮೇಲೆ ಬಿಟ್ಟರೆ ಕೆಲವರಿಗೆ ಅಲರ್ಜಿ ಹತ್ತುತ್ತದೆ. ಮೊದಲ ಸಲ ಏನೂ ಆಗದಿರಬಹುದು, ಆದರೆ ದೇಹ ಅದನ್ನು ಗುರುತಿಟ್ಟುಕೊಂಡು ಮುಂದಿನ ಸಲ ಸಿಡಿದೇಳಬಹುದು. ಹಾಗೆ ಒಮ್ಮೆ ಅಲರ್ಜಿ ಹತ್ತಿದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಆ ಮದುಮಗಳು ಇನ್ನು ತಲೆಗೂ ಅಂತಹ ಡೈ ಹಚ್ಚುವಂತಿಲ್ಲ. 'ಯಾರಿಗೂ ಏನೂ ಆಗಲಿಲ್ಲ' ಎಂಬ ನಮ್ಮ ಸಮಾಧಾನಕ್ಕೆ ಬೆಲೆಯೇ ಇಲ್ಲ ಎಂದು ಅಂದು ತಿಳಿಯಿತು.

ಕಲಿಸುವುದನ್ನು ನಿಲ್ಲಿಸಿದೆವು. ಎರಡು ವರ್ಷ ಯಾರನ್ನೂ ಸೇರಿಸಿಕೊಳ್ಳಲಿಲ್ಲ.

ಮತ್ತೆ ಕರೆದದ್ದು ಗ್ರಾಮೀಣ ಯುವಜನರಿಗೆ ಉಚಿತ ತರಬೇತಿ ಕೊಡುವ ಒಂದು ಸಂಸ್ಥೆ. ನಮ್ಮ ಓದುಗರಲ್ಲಿ ಹಲವರಿಗೆ ಉಜಿರೆಯ ರುಡ್‌ಸೆಟ್ ಗೊತ್ತಿರಬಹುದು. ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಸೇರಿ 1982ರಲ್ಲಿ ಹುಟ್ಟುಹಾಕಿದ್ದು. ಅದರ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸ್ವ-ಉದ್ಯೋಗ ತರಬೇತಿ ಕೇಂದ್ರಗಳು ಬಂದಿವೆ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿಯ ಜೊತೆ ಬ್ಯೂಟಿ ಪಾರ್ಲರ್ ಕೆಲಸವನ್ನೂ ಅಲ್ಲಿ ಕಲಿಸುತ್ತಾರೆ. ಕಸುಬು ಬಲ್ಲವರನ್ನು ಅತಿಥಿ ತರಬೇತುದಾರರಾಗಿ ಕರೆಯುತ್ತಾರೆ. ನಾವು ಒಪ್ಪಿದೆವು. ಆದರೆ ಈ ಸಲ ಕಲಿಸುವುದು ಹೇಗೆಂದು ಮೊದಲು ನಾವು ಕಲಿಯುತ್ತೇವೆ ಎಂದು ನಿಶ್ಚಯಿಸಿ ತರಬೇತುದಾರರ ತರಬೇತಿಗೆ ಹೋದೆವು.

ಅಲ್ಲಿ ಮೊದಲ ದಿನವೇ ಸೋತೆವು. "ಕೈ ಬೆನ್ನ ಹಿಂದೆ ಕಟ್ಟಿಕೊಂಡು ಥ್ರೆಡಿಂಗ್ ವಿವರಿಸಿ" ಎಂದರು. ಹತ್ತು ವರ್ಷಕ್ಕೂ ಹೆಚ್ಚು ಮಾಡಿದ ಕೆಲಸ, ಬಾಯಿ ಬರಲಿಲ್ಲ. "ಹೀಗೆ ಹಿಡಿದು, ಹೀಗೆ ಎಳೆದು..." ಎನ್ನುವುದು ಬಿಟ್ಟರೆ ನಮ್ಮಲ್ಲಿ ಪದಗಳೇ ಇರಲಿಲ್ಲ. ರಾತ್ರಿ ಕೂತು ನಮ್ಮ ಕೈಗಳನ್ನೇ ನಾವು ನೋಡಿಕೊಂಡೆವು. ಹತ್ತಿಯ ದಾರದ ನಡುವೆ ಐದಾರು ತಿರುಚು. ಒಂದು ಕೈಯ ಬೆರಳು ಅಗಲಿಸಿದರೆ ತಿರುಚು ಇನ್ನೊಂದು ಕೈಯ ಕಡೆಗೆ ಓಡುತ್ತದೆ. ಓಡುವಾಗ ಕೂದಲನ್ನು ಹಿಡಿದು ಬುಡದಿಂದ ಕೀಳುತ್ತದೆ. ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಎಳೆಯಬೇಕು. ಚರ್ಮವನ್ನು ಗಿರಾಕಿಯೇ ಬಿಗಿಯಾಗಿ ಹಿಡಿದಿರಬೇಕು, ಸಡಿಲವಾದರೆ ಚರ್ಮ ಸಿಕ್ಕಿ ಕೊಯ್ಯುತ್ತದೆ. ಇಷ್ಟನ್ನು ಹೇಳಲು ಬರುವುದಕ್ಕೆ ನಮಗೆ ಮೂರು ದಿನ ಹಿಡಿಯಿತು.

ಕಸುಬು ಕಲಿಸುವವರಿಗೆ ನಾಲ್ಕು ಹೆಜ್ಜೆಗಳಿವೆ ಎಂದು ಅಲ್ಲಿ ತಿಳಿದೆವು: ಕಲಿಯುವವಳನ್ನು ಸಿದ್ಧ ಮಾಡುವುದು, ಮಾಡಿ ತೋರಿಸುವುದು, ಅವಳಿಂದ ಮಾಡಿಸುವುದು, ಪರೀಕ್ಷಿಸುವುದು. ನಮ್ಮನ್ನು ಕಲಿಸಿದವರು, ಆಮೇಲೆ ನಾವೂ, ಎರಡನೆಯದರ ಅರ್ಧ ಮಾತ್ರ ಮಾಡಿದ್ದೆವು. ಮಾಡಿದ್ದೆವು, ತೋರಿಸಿರಲಿಲ್ಲ.

ಈಗ ನಮ್ಮ ತರಗತಿಯಲ್ಲಿ ಹುಡುಗಿಯರು ಮೊದಲ ವಾರ ಯಾರ ಹುಬ್ಬನ್ನೂ ಮುಟ್ಟುವುದಿಲ್ಲ. ದಾರವನ್ನು ಕುರ್ಚಿಯ ಕಾಲಿಗೆ ಕಟ್ಟಿ ಬೆರಳು ಪಳಗಿಸುತ್ತಾರೆ, ಆಮೇಲೆ ತಮ್ಮದೇ ಮೊಣಕಾಲಿನ ಕೆಳಗಿನ ಕೂದಲು. ನೋವು ಎಷ್ಟೆಂದು ಗಿರಾಕಿಗಿಂತ ಮೊದಲು ಅವಳಿಗೆ ಗೊತ್ತಾಗಬೇಕು. ವ್ಯಾಕ್ಸ್ ಬಿಸಿಯನ್ನು ತನ್ನ ಮಣಿಕಟ್ಟಿನ ಮೇಲೆ ನೋಡಿಕೊಳ್ಳದೆ ಹಚ್ಚುವಂತಿಲ್ಲ. ಒಬ್ಬರಿಗೆ ಬಳಸಿದ ಬ್ಲೇಡು ಇನ್ನೊಬ್ಬರಿಗಿಲ್ಲ. ಹೇರ್ ಡೈ ಆದರೆ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಬೇಕು. ಹೆಸರು, ವಿಳಾಸ, ಒಳಗೇನಿದೆ ಎಂಬ ವಿವರ ಇಲ್ಲದ ಕ್ರೀಮಿನ ಡಬ್ಬಿಯನ್ನು ತೆರೆಯಲೇಬಾರದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ವೈದ್ಯರು ಕೆಲವು ರೋಗಿಗಳ ಮೂತ್ರಪಿಂಡದ ಕಾಯಿಲೆಗೂ ಅವರು ಹಚ್ಚುತ್ತಿದ್ದ ಬಿಳಿ ಮಾಡುವ ಕ್ರೀಮಿಗೂ ನಂಟು ಗುರುತಿಸಿದರು. ಇಂತಹ ಕ್ರೀಮುಗಳಲ್ಲಿ ಇರಬಹುದಾದ ಪಾದರಸ ಚರ್ಮದ ಮೂಲಕ ಒಳಗಿಳಿಯುತ್ತದೆ. ಆ ಸುದ್ದಿಯನ್ನು ನಾವು ಪ್ರತಿ ತಂಡಕ್ಕೂ ಹೇಳುತ್ತೇವೆ.

ಬಿಳಿಯಾಗುವ ಮಾತು ಬಂದಾಗ ತರಗತಿ ಗಂಭೀರವಾಗುತ್ತದೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಡಬ್ಬಿಯ ಮೇಲಿನ ಹೆಸರು ಬದಲಾಯಿತೇ ಹೊರತು ಹೆಣ್ಣು ನೋಡಲು ಬರುವವರ ಕಣ್ಣು ಬದಲಾಗಿಲ್ಲ. ಕಪ್ಪಗಿದ್ದಾಳೆಂದು ಸಂಬಂಧ ತಪ್ಪಿದ ಹುಡುಗಿಯರೇ ನಮ್ಮಲ್ಲಿ ಕಲಿಯಲು ಬರುವುದುಂಟು. ಅವರಿಗೆ ನಾವು ಉಪದೇಶ ಮಾಡುವುದಿಲ್ಲ. ಚರ್ಮವನ್ನು ಸ್ವಚ್ಛವಾಗಿ, ಆರೋಗ್ಯವಾಗಿ ಇಡಬಹುದು, ಅದರ ಬಣ್ಣವನ್ನು ಬದಲಿಸುತ್ತೇವೆಂದು ಯಾರಿಗೂ ಮಾತು ಕೊಡಬೇಡಿ ಎನ್ನುತ್ತೇವೆ, ಅಷ್ಟೆ.

ಕಲಿಸುವವರು ಕಲಿಯುವ ಸಂದರ್ಭಗಳೂ ಬರುತ್ತವೆ. ಒಬ್ಬ ಹುಡುಗಿ ಹುಬ್ಬು ಕೀಳುವುದಿಲ್ಲ ಎಂದಳು. ಧಾರ್ಮಿಕವಾಗಿ ಅದನ್ನು ಒಪ್ಪದ ಉಲಮಾಗಳು ಬಹಳ ಮಂದಿ ಇದ್ದಾರೆ, ಅವಳ ಮನೆಯಲ್ಲೂ ಹಾಗೆಯೇ ನಂಬುತ್ತಾರೆ. ಹಿಂದೆ ಆಗಿದ್ದರೆ, ಐಬ್ರೋ ಬೇಡವೆಂದರೆ ಪಾರ್ಲರ್ ಯಾಕೆ ಎಂದು ಕಳಿಸಿಬಿಡುತ್ತಿದ್ದೆವೋ ಏನೋ. ಈಗ ಅವಳಿಗೆ ಕೂದಲ ಆರೈಕೆ, ಮದುಮಗಳ ಜಡೆ, ಮೆಹಂದಿ ಹೆಚ್ಚು ಹೊತ್ತು ಕಲಿಸಿದೆವು. ಅದರಲ್ಲೇ ಅವಳ ಜೀವನ ನಡೆಯುತ್ತಿದೆ. ಇನ್ನೊಬ್ಬಳು ಹುಬ್ಬಿನ ಕೆಲಸದಲ್ಲೇ ಹೆಸರು ಮಾಡಿದ್ದಾಳೆ. ಇಬ್ಬರೂ ನಮ್ಮ ಹುಡುಗಿಯರೇ.

ಈ ದಾರಿಗೆ ಬರಬಯಸುವವರಿಗೆ ಎರಡು ಮಾತು. ಐಟಿಐಗಳಲ್ಲಿ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ಕೋರ್ಸಿದೆ. ಅಲ್ಲಿ ಬೋಧಕರಾಗಲು ಕೇಂದ್ರ ಸರ್ಕಾರದ ಒಂದು ವರ್ಷದ ಬೋಧಕ ತರಬೇತಿ ಇದೆ. ಕೌಶಲ ಯೋಜನೆಗಳಲ್ಲಿ ಕಲಿಸಲು ಸೌಂದರ್ಯ ಕ್ಷೇತ್ರದ ಕೌಶಲ ಮಂಡಳಿಯ ತರಬೇತುದಾರರ ಪ್ರಮಾಣಪತ್ರ ಕೇಳುತ್ತಾರೆ. ಕಾಗದ ಬೇಕು, ಅದನ್ನು ಹಗುರವಾಗಿ ಕಾಣಬೇಡಿ. ಮುಂಬೈಯ ಸಿನಿಮಾರಂಗದಲ್ಲಿ ಹೆಂಗಸರಿಗೆ ಮೇಕಪ್ ಕಲಾವಿದರ ಕಾರ್ಡನ್ನೇ ಕೊಡುತ್ತಿರಲಿಲ್ಲ. ಚಾರು ಖುರಾನಾ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2014ರ ನವೆಂಬರಿನಲ್ಲಿ ನ್ಯಾಯಾಲಯ ಆ ನಿಯಮವನ್ನು ಹೊಡೆದುಹಾಕಿತು. ಕೈಯಲ್ಲಿ ಎಷ್ಟೇ ಕಲೆಯಿದ್ದರೂ ಕಾಗದವಿಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಆದರೆ ಬಾಗಿಲು ದಾಟಿದ ಮೇಲೆ ಬೇಕಾಗುವುದು ಬೇರೆ.

ಶಿಕಾರಿಪುರದ ಆ ಹುಡುಗಿ ಮತ್ತೆ ಈ ಕೆಲಸಕ್ಕೆ ಬರಲಿಲ್ಲ. ಎಷ್ಟು ಕರೆದರೂ ಬರಲಿಲ್ಲ. ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಈದಿಗೆ ಫೋನ್ ಮಾಡುತ್ತಾಳೆ, ಮೆಹಂದಿಯ ಮಾತು ಬಿಟ್ಟು ಉಳಿದೆಲ್ಲ ಮಾತಾಡುತ್ತೇವೆ. ಅವಳ ಒಪ್ಪಿಗೆ ಪಡೆದು, ಹೆಸರು ಹೇಳದೆ, ಪ್ರತಿ ತಂಡದ ಮೊದಲ ದಿನ ಈ ಕಥೆಯನ್ನು ಹೇಳುತ್ತೇವೆ. ತಪ್ಪು ಅವಳದ್ದೆಂದು ಹೇಳುವುದಿಲ್ಲ.

ಕೊನೆಯ ದಿನ ಬಾಯಿಮಾತಿನ ಪರೀಕ್ಷೆ. ಗಿರಾಕಿ ಎರಡರಷ್ಟು ದುಡ್ಡು ಕೊಡುತ್ತೇನೆ, ಸಂಜೆಯೊಳಗೆ ಕಪ್ಪು ಬಣ್ಣ ಬರಬೇಕು ಅಂದರೆ ಏನು ಹೇಳುತ್ತೀಯ? ಹೋದ ತಂಡದ ಒಬ್ಬಳು ಸ್ವಲ್ಪ ಯೋಚಿಸಿ, "ಆಗಲ್ಲ ಅಂತೀನಿ ಅಕ್ಕ. ಆದ್ರೆ ಅವಳು ಪಕ್ಕದ ಅಂಗಡಿಗೆ ಹೋಗ್ತಾಳಲ್ಲ?" ಎಂದಳು.

ಹೋಗುತ್ತಾಳೆ, ನಿಜ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. "ಹೋಗಲಿ. ಆದ್ರೆ ಯಾಕೆ ಆಗಲ್ಲ ಅಂತ ಪೂರ್ತಿ ಹೇಳಿ ಕಳಿಸು" ಎಂದೆವು. ಪಕ್ಕದ ಅಂಗಡಿಯಲ್ಲಿ ಕೂತಿರುವವಳು ನಾವು ಆ ಹಳೆಯ ದಿನಗಳಲ್ಲಿ ಕಲಿಸಿದವಳೇ ಇರಬಹುದು. ಆ ಮಾತು ಗಿರಾಕಿಯ ಬಾಯಿಂದಲಾದರೂ ಅವಳಿಗೆ ತಲುಪಲಿ.